ಗ್ರಾಮಸಭೆಯೂ ಹಾಜರಿ ಪುಸ್ತಕವೂ

ತಮ್ಮೂರಿನ ಗ್ರಾಮಸಭೆಗೆ ತಾವು ಕಡೆಯ ಬಾರಿ ಹೋದದ್ದು ಯಾವಾಗ? ಮತದಾನದ ದಿನ ಬಿಸಿಲಿನಲ್ಲಿ ಸಾಲುಗಟ್ಟಿ ನಿಲ್ಲುವ ನಾವು, ನಮ್ಮ ಓಣಿಯ ಚರಂಡಿಯ ವಿಚಾರವು ತೀರ್ಮಾನವಾಗುವ ದಿನ ಮನೆಯಲ್ಲೇ ಉಳಿಯುತ್ತೇವೆ. ಇದನ್ನು ಬರಿಯ ಆಲಸ್ಯವೆಂದು ನಾನು ತಿಳಿಯಲಾರೆ. ಹೋದರೂ ನಮ್ಮ ಮಾತು ನಡೆಯದೆಂಬ ಶಂಕೆ ಜನಮನದಲ್ಲಿ ಬೇರೂರಿದೆ. ಆ ಶಂಕೆಗೆ ಕಾರಣವೂ ಇಲ್ಲದಿಲ್ಲ.

ಅಧಿಕಾರವು ಹಳ್ಳಿಗೆ ಇಳಿಯಬೇಕೆಂಬ ವಿಚಾರದಲ್ಲಿ ನಮ್ಮ ನಾಡು ಹಿಂದೆ ಬಿದ್ದುದಲ್ಲ. ಅಬ್ದುಲ್ ನಜೀರ್ ಸಾಬರು ಸಚಿವರಾಗಿದ್ದಾಗ ರೂಪುಗೊಂಡ 1983ರ ಅಧಿನಿಯಮದಂತೆ 1987ರಲ್ಲಿ ಮಂಡಲ ಪಂಚಾಯತಿ, ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು. ಸಂವಿಧಾನದ 73ನೆಯ ತಿದ್ದುಪಡಿಯು ಜಾರಿಗೆ ಬಂದದ್ದು 1993ರಲ್ಲಿ. ಅದೇ ವರ್ಷ ರಾಜ್ಯದಲ್ಲಿ ಈಗಿನ ಪಂಚಾಯತ್ ರಾಜ್ ಅಧಿನಿಯಮವೂ ಬಂದಿತು. ಹಲವು ಊರುಗಳು ಸೇರಿ ಒಂದು ಗ್ರಾಮ ಪಂಚಾಯತಿ. ದೂರದ ತಾಂಡಾದ ತಾಯಂದಿರು ಕೂಲಿ ಬಿಟ್ಟು ಅಲ್ಲಿಗೆ ನಡೆದು ಬರುವುದು ಕಷ್ಟ. ಬಂದರೂ ಆ ಗುಂಪಿನಲ್ಲಿ ಎದ್ದು ನಿಂತು ಮಾತನಾಡುವುದು ಮತ್ತೂ ಕಷ್ಟ. ಇಂಥವರಿಗೆ ವಾರ್ಡ್ ಸಭೆಯೇ ಅನುಕೂಲ. ವಾರ್ಡಿನ ಮತದಾರರೆಲ್ಲರೂ ಅದರ ಸದಸ್ಯರೇ. ಆರು ತಿಂಗಳಿಗೊಮ್ಮೆಯಾದರೂ ಅದು ಕೂಡಬೇಕು. ಅಲ್ಲಿಯ ಬೇಡಿಕೆಗಳೇ ಗ್ರಾಮಸಭೆಗೆ ಹೋಗತಕ್ಕವು.

ಶಾಸನದ ಮಾತು ಹೀಗಿದೆ. ನಾನು ಕಂಡ ಒಂದೂರಿನ ಸಂಗತಿಯೇ ಬೇರೆ. ಸಭೆಗೆ ಸೇರಿದವರು ಬೆರಳೆಣಿಕೆಯಷ್ಟು. ಮರುದಿನ ಸಿಪಾಯಿಯು ಹಾಜರಿ ಪುಸ್ತಕವನ್ನು ಹಿಡಿದು ಮನೆಮನೆಗೆ ಬಂದನು. "ಆಯಿ, ಇಲ್ಲೊಂದು ಹೆಬ್ಬೆಟ್ಟ ಒತ್ತರಿ" ಎಂದನು. ಅಂಗಳ ಗುಡಿಸುತ್ತಿದ್ದ ಆ ಮುದುಕಿ ಕಸಬರಿಗೆ ಕೆಳಗಿಟ್ಟು, "ಇದರಾಗ ಏನು ಬರದಾರ, ತಮ್ಮಾ?" ಎಂದು ಕೇಳಿದಳು. ಅವನಿಗೆ ತಿಳಿಯದು. ಅವಳು ಒತ್ತಲಿಲ್ಲ. ವಿಚಾರಿಸಿದಾಗ, ಓಣಿಯ ರಸ್ತೆಗೆ ಕಾಂಕ್ರೀಟು ಹಾಕುವ ಠರಾವು ಅದರಲ್ಲಿದ್ದಿತೆಂದು ತಿಳಿಯಿತು. ಓಣಿಯ ನಳಕ್ಕಾದರೋ ಮೂರು ದಿನಕ್ಕೊಮ್ಮೆ ನೀರು! (ನೀರು ಹೊರುವವರನ್ನು ಕೇಳದೆ ರಸ್ತೆ ಬಯಸುವವರು ಎಲ್ಲ ಊರಲ್ಲಿಯೂ ಇದ್ದಾರೆ.)

ಮುಂದಿನ ವಾರ್ಡ್ ಸಭೆಗೆ ಓಣಿಯ ಹೆಣ್ಣುಮಕ್ಕಳು ಕೊಡ ಹಿಡಿದೇ ಬಂದರು. ರಸ್ತೆಯ ಪಕ್ಷದವರೂ ಸುಮ್ಮನಿರಲಿಲ್ಲ. ಮಳೆಗಾಲದ ಕೆಸರಿನಲ್ಲಿ ಹೆರಿಗೆಯ ಹೆಂಗಸನ್ನು ಹೊತ್ತೊಯ್ದ ಕಷ್ಟವನ್ನು ಒಬ್ಬರು ಹೇಳಿದಾಗ ಕೊಡ ಹಿಡಿದವರೂ ತಲೆದೂಗಿದರು. ಎರಡೂ ನಿಜವೇ; ಹಣ ಒಂದಕ್ಕೆ ಮಾತ್ರ. ವಾದವು ದೀಪ ಹಚ್ಚುವ ಹೊತ್ತಿನವರೆಗೆ ನಡೆಯಿತು. ಕಡೆಗೆ ನೀರಿನ ಕೊಳವೆಯನ್ನು ಮೊದಲು, ರಸ್ತೆಯನ್ನು ಎರಡನೆಯದಾಗಿ ಬರೆಯಲಾಯಿತು. ಕೆಲವರು ಮುನಿಸಿಕೊಂಡೇ ಎದ್ದು ಹೋದರು. ಆದರೂ ಸೋತವರಿಗೆ ತಾವು ಏಕೆ ಸೋತೆವೆಂಬುದು ಗೊತ್ತಿತ್ತು. ಬಾಗಿಲು ಮುಚ್ಚಿ ಬರೆದ ಠರಾವಿನಲ್ಲಿ ಗೆದ್ದವರಿಗೂ ಅದು ಗೊತ್ತಿರುವುದಿಲ್ಲ.

ವಿದ್ಯಾವಂತರಾದ ತಮ್ಮಲ್ಲಿ ನನ್ನದೊಂದು ಬಿನ್ನಹ. ಸಭೆಯ ದಿನಾಂಕವನ್ನು ಪಂಚಾಯತಿಯಲ್ಲಿ ಮುಂಚಿತವಾಗಿ ಕೇಳಿ ತಿಳಿದು, ನೆರೆಹೊರೆಗೆ ತಿಳಿಸಿರಿ. ಓದು ಬಾರದವರನ್ನು ಜೊತೆಗೆ ಕರೆದೊಯ್ಯಿರಿ. ಅವರ ಪರವಾಗಿ ತಾವೇ ಮಾತನಾಡಿಬಿಡಬೇಡಿರಿ. ಬರೆದ ಠರಾವನ್ನು ಎಲ್ಲರೂ ಏಳುವ ಮುನ್ನ ಗಟ್ಟಿಯಾಗಿ ಓದಿ ಹೇಳುವಂತೆ ಕೇಳಿರಿ. ರುಜು ಹಾಕುವುದು ಆಮೇಲೆ.