ಏರಿನಲ್ಲಿ ಇಳಿದವರು

‘ದೇಶ ಸುತ್ತು, ಕೋಶ ಓದು’ ಎಂದರು ಹಿರಿಯರು. ಕೋಶವನ್ನು ಹೇಗೆ ಓದಬೇಕೆಂಬುದನ್ನು ಕಾಲೇಜಿನಲ್ಲಿ ನನಗೆ ಕಲಿಸಿದರು. ಈಗ ನಾನೂ ಇತರರಿಗೆ ಕಲಿಸುತ್ತಿದ್ದೇನೆ. ದೇಶವನ್ನು ಯಾವ ವಾಹನವೇರಿ ಸುತ್ತಬೇಕೆಂಬುದನ್ನು ಮಾತ್ರ ಗಾದೆ ಮಾಡಿದವರು ಹೇಳದೆ ಹೋದರು. ಆ ಕೊರತೆಯನ್ನು ನನ್ನ ತಮ್ಮ ತುಂಬಿಕೊಟ್ಟ.

ಹೋದ ಬೇಸಿಗೆಯ ರಜೆಯಲ್ಲಿ ಅವನಿರುವ ಫ್ರಾನ್ಸಿನ ಲಿಯಾನ್ ನಗರಕ್ಕೆ ಹೋಗಿದ್ದೆ. ಪ್ಯಾರಿಸಿಗೆ ಹೋಗಿ, ಐಫೆಲ್ ಗೋಪುರದ ಕೆಳಗೆ ನಿಂತು ಒಂದು ಚಿತ್ರ ತೆಗೆಸಿಕೊಂಡರೆ ಪ್ರವಾಸ ಸಾರ್ಥಕವೆಂದು ನನ್ನ ಎಣಿಕೆ. ತಮ್ಮ ಒಪ್ಪಲಿಲ್ಲ. “ಗೋಪುರ ಎಲ್ಲಿಗೂ ಓಡಿಹೋಗುವುದಿಲ್ಲ, ಅಣ್ಣ. ಎರಡು ದಿನ ಸೈಕಲ್ಲಿನಲ್ಲಿ ಹಳ್ಳಿಗಳ ಕಡೆ ಹೋಗಿಬರೋಣ” ಎಂದ.

“ಯಾಕೆ, ಬಸ್ಸು ಇಲ್ಲವೇ?” ಎಂದು ಕೇಳಿದೆ. ನನ್ನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ನಮ್ಮಂಥ ಮಧ್ಯಮ ವರ್ಗದವರಿಗೆ ಸೈಕಲ್ಲೆಂದರೆ ಬೇರೆ ಗತಿಯಿಲ್ಲದಾಗ ತುಳಿಯುವ ವಸ್ತು. ಸ್ಕೂಟರು ಬಂದ ದಿನ ಅದು ಮನೆಯ ಹಿಂದಿನ ಸೂರಿಗೆ ಸರಿಯುತ್ತದೆ. ಕಾರು ಬಂದ ದಿನ ಅದರ ನೆನಪೂ ಸರಿಯುತ್ತದೆ. ಇರುವ ಕಾರನ್ನು ಮನೆಯಲ್ಲಿ ಬಿಟ್ಟು, ರಜೆ ಹಾಕಿ, ಬೆವರು ಸುರಿಸಿ ಸೈಕಲ್ ತುಳಿಯುವುದು ವಿನೋದವೆಂದು ಯಾರಾದರೂ ಹೇಳಿದರೆ ನಾವು ಅವರ ಆರೋಗ್ಯವನ್ನು ವಿಚಾರಿಸುತ್ತೇವೆ.

ಆದರೂ ಒಪ್ಪಿದೆ. ಒಪ್ಪಿದ್ದಕ್ಕೆ ಕಾರಣ ಬೇರೆಯಿತ್ತು. ನಾಲ್ಕು ವರ್ಷಗಳ ಹಿಂದೆ ಅಪ್ಪ ತೀರಿಕೊಂಡರು. ಮರುವರ್ಷ ಹಳ್ಳಿಯ ಮನೆಯನ್ನು ಮಾರಿದೆವು. ತಮ್ಮನೂ ಸಮ್ಮತಿಸಿ ಸಹಿ ಹಾಕಿದ್ದ. ಆ ಬಳಿಕ ನಮ್ಮಿಬ್ಬರ ನಡುವೆ ಜಗಳವೇನೂ ನಡೆಯಲಿಲ್ಲ, ನಡೆದಿದ್ದರೆ ಚೆನ್ನಾಗಿತ್ತು. ವಾರಕ್ಕೊಮ್ಮೆ ಫೋನಿನಲ್ಲಿ ಅಲ್ಲಿಯ ಚಳಿ, ಇಲ್ಲಿಯ ಮಳೆ, ಅಮ್ಮನ ಮಂಡಿನೋವು, ಇಷ್ಟು ಹೇಳಿ ಮುಗಿಸುತ್ತಿದ್ದೆವು. ಎರಡು ದಿನ ಜೊತೆಯಲ್ಲಿ ಸೈಕಲ್ ತುಳಿದರೆ ಮಾತು ತಾನಾಗಿ ಬಂದೀತೆಂದು ಆಸೆಪಟ್ಟೆ.

ಹೊರಡುವ ಹಿಂದಿನ ರಾತ್ರಿ ತಮ್ಮ ನನಗೊಂದು ಸೈಕಲ್ಲನ್ನು ಸಿದ್ಧಪಡಿಸಿ, ಅದರ ಗೇರುಗಳ ಪಾಠ ಹೇಳಿದ. ಆ ಪಾಠದ ಮೂಲಪುರುಷನ ಕಥೆಯನ್ನೂ ಹೇಳಿದ. ಲಿಯಾನಿಗೆ ದೂರವಲ್ಲದ ಸೇಂತ್ ಎತಿಯೆನ್ ಪಟ್ಟಣದಲ್ಲಿ ಪೋಲ್ ದ ವಿವೀ ಎಂಬಾತನಿದ್ದ. 1853ರಲ್ಲಿ ಹುಟ್ಟಿದ ಈತ ‘ವೆಲೋಸಿಯೋ’ ಎಂಬ ಅಂಕಿತದಿಂದ ಬರೆಯುತ್ತಿದ್ದ. 1887ರಲ್ಲಿ ಸೈಕಲ್ ಸವಾರರಿಗಾಗಿ ಒಂದು ಪತ್ರಿಕೆಯನ್ನೇ ಆರಂಭಿಸಿದ. ಫ್ರೆಂಚರು ಈತನನ್ನು ಸೈಕಲ್ ಪ್ರವಾಸದ ಪಿತಾಮಹನೆಂದು ಗೌರವಿಸುತ್ತಾರೆ. ಈತ ಸಸ್ಯಾಹಾರಿಯೆಂಬುದು ನನಗೆ ವಿಶೇಷ ಸಮಾಧಾನ ತಂದಿತು. ಏರಿಗೊಂದು, ಇಳಿಜಾರಿಗೊಂದು, ಸಮನೆಲಕ್ಕೊಂದು ಗೇರು ಇರಬೇಕೆಂದು ಈತ ಜೀವಮಾನವೆಲ್ಲ ವಾದಿಸಿದ. ಪಂದ್ಯದವರು ಕೇಳಲಿಲ್ಲ. ಗೇರು ಮುದುಕರಿಗೆ, ದುರ್ಬಲರಿಗೆ ಎಂಬ ಭಾವನೆ ಅವರದು. ಚಲಿಸುವಾಗಲೇ ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಗೇರಿಗೆ ಪ್ರಸಿದ್ಧವಾದ ‘ತೂರ್ ದ ಫ್ರಾನ್ಸ್’ ಪಂದ್ಯದಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಷ್ಟರೊಳಗೆ ವೆಲೋಸಿಯೋ ತೀರಿಕೊಂಡು ಏಳು ವರ್ಷಗಳಾಗಿದ್ದವು. ಬೆಟ್ಟಗಳನ್ನೆಲ್ಲ ದಾಟಿದ ಮನುಷ್ಯ ತನ್ನೂರಿನ ಬೀದಿಯಲ್ಲಿ ಟ್ರಾಮಿಗೆ ಸಿಕ್ಕಿ ಸತ್ತನಂತೆ.

ಗೇರಿನ ಲೆಕ್ಕ ಸರಳವಾದುದು. ನನ್ನ ಸೈಕಲ್ಲಿನ ಮುಂದಿನ ಅತಿ ಸಣ್ಣ ಚಕ್ರಕ್ಕೆ 28 ಹಲ್ಲು, ಹಿಂದಿನ ಅತಿ ದೊಡ್ಡ ಚಕ್ರಕ್ಕೆ 34. ಆ ಜೋಡಿಯಲ್ಲಿ ಪೆಡಲನ್ನು ಒಂದು ಸುತ್ತು ತುಳಿದರೆ ಗಾಲಿ ಒಂದು ಸುತ್ತೂ ಪೂರ್ತಿ ತಿರುಗದು. ಸೈಕಲ್ಲು ಎರಡು ಮೀಟರಿಗಿಂತ ಕಡಮೆ ಸಾಗುತ್ತದೆ. ನಡಿಗೆ ನಿಧಾನ, ಆದರೆ ಕಾಲಿಗೆ ಭಾರವಿಲ್ಲ. ನಮ್ಮೂರಿನ ಹಳೆಯ ಒಂದೇ ಗೇರಿನ ಸೈಕಲ್ಲಿನಲ್ಲಿ ಅದೇ ಒಂದು ಸುತ್ತಿಗೆ ಸುಮಾರು ಐದು ಮೀಟರು ಸಾಗಬೇಕು. ಸಮನೆಲದಲ್ಲಿ ಅದು ಸುಖ. ಏರಿನಲ್ಲಿ ಅದು ಶಿಕ್ಷೆ. ಈ ಲೆಕ್ಕವನ್ನು ಓದುಗರು ದಯಮಾಡಿ ನೆನಪಿನಲ್ಲಿಡಬೇಕು. ಅದು ಮುಂದೆ ಬೇಕಾಗುತ್ತದೆ.

ಮೊದಲ ದಿನ ಸೈಕಲ್ಲುಗಳನ್ನು ರೈಲಿಗೇರಿಸಿ ಮಾಕೋನ್ ಪಟ್ಟಣದಲ್ಲಿ ಇಳಿದೆವು. ಅಲ್ಲಿಂದ ಕ್ಲೂನಿಗೆ ಸುಮಾರು 25 ಕಿಲೊಮೀಟರು. ಇದು ಬರ್ಗಂಡಿ ಪ್ರಾಂತ. ರೈಲು ನಿಂತುಹೋದ ಹಳೆಯ ಹಳಿಗಳನ್ನು ಕಿತ್ತು, ಆ ಜಾಡನ್ನೇ ನುಣುಪಾದ ಸೈಕಲ್ ದಾರಿಯಾಗಿ ಮಾಡಿದ್ದಾರೆ. ಕ್ಲೂನಿಯಿಂದ ಉತ್ತರಕ್ಕೆ ಝಿವ್ರಿಯವರೆಗಿನ 44 ಕಿಲೊಮೀಟರಿನ ಭಾಗ 1997ರಲ್ಲಿ ತೆರೆಯಿತು. ಫ್ರಾನ್ಸಿನಲ್ಲಿ ಇಂಥ ‘ಹಸಿರು ದಾರಿ’ಗಳಲ್ಲಿ ಅದೇ ಮೊದಲನೆಯದು. ಎಡಬಲಗಳಲ್ಲಿ ದ್ರಾಕ್ಷಿಯ ತೋಟಗಳು, ಸುಣ್ಣ ಬಳಿದಂತೆ ಬಿಳುಪಾದ ದನಗಳು, ಬೆಟ್ಟದ ಮೈಗೆ ಒರಗಿದ ಹೆಂಚಿನ ಮನೆಗಳು. ನಡುವೆ ಸುಮಾರು 1,600 ಮೀಟರು ಉದ್ದದ ಸುರಂಗವೊಂದು ಬರುತ್ತದೆ. ಹೊರಗೆ ಬಿಸಿಲು, ಒಳಗೆ ಬಾವಿಯ ತಂಪು. ಚಳಿಗಾಲದಲ್ಲಿ ಇದನ್ನು ಮುಚ್ಚುತ್ತಾರಂತೆ, ಅಲ್ಲಿ ಮಲಗುವ ಬಾವಲಿಗಳ ನಿದ್ರೆಗೆ ಭಂಗ ಬರಬಾರದೆಂದು.

ಕ್ಲೂನಿಯ ಮಠ 910ರಲ್ಲಿ ಸ್ಥಾಪನೆಯಾದುದು. 1088ರಲ್ಲಿ ಕಟ್ಟತೊಡಗಿದ ಅದರ ಮೂರನೆಯ ದೇವಾಲಯ, ರೋಮಿನ ಈಗಿನ ಸಂತ ಪೀಟರನ ದೇವಾಲಯ ಏಳುವವರೆಗೆ ಕ್ರೈಸ್ತ ಜಗತ್ತಿನಲ್ಲೇ ಅತಿ ದೊಡ್ಡದಾಗಿತ್ತು. ಫ್ರೆಂಚ್ ಕ್ರಾಂತಿಯ ನಂತರ ಅದನ್ನು ಮಾರಿದರು. ಕೊಂಡವರು ಕೆಡವಿ ಕಲ್ಲುಗಳನ್ನು ಮಾರಿಕೊಂಡರು. ಈಗ ಉಳಿದಿರುವುದು ಒಂದು ಬದಿಯ ತೋಳು, ಒಂದೆರಡು ಗೋಪುರ. “ಇಷ್ಟು ದೊಡ್ಡದನ್ನು ಕಲ್ಲಿನ ಬೆಲೆಗೆ ಮಾರಲು ಮನಸ್ಸು ಹೇಗೆ ಬಂತೋ!” ಎಂದು ನಾನು ಉದ್ಗರಿಸಿದೆ. ತಮ್ಮ ಒಮ್ಮೆ ನನ್ನ ಮುಖ ನೋಡಿ ಸುಮ್ಮನಾದ.

ಎರಡನೆಯ ದಿನ ಕೊರ್ಮಾತಾನ್ ಎಂಬ ಊರಿನವರೆಗೆ ಹಸಿರು ದಾರಿಯಲ್ಲೇ ಹೋಗಿ, ಅಲ್ಲಿಂದ ಬಲಕ್ಕೆ ಹೊರಳಿ ಹಳ್ಳಿಗಳ ರಸ್ತೆಗೆ ಬಿದ್ದೆವು. ತಮ್ಮನ ಹ್ಯಾಂಡಲಿನ ಚೀಲದ ಮೇಲೆ ಮಿಶೆಲಿನ್ ಕಂಪನಿಯ ನಕ್ಷೆ. ಅದರಲ್ಲಿ ರಸ್ತೆಯ ಪಕ್ಕ ಹಸಿರು ಗೆರೆಯಿದ್ದರೆ ನೋಟ ಸುಂದರವೆಂದರ್ಥ; ರಸ್ತೆಯ ಮೇಲೆ ಬಾಣದ ತಲೆಯಂಥ ಗುರುತಿದ್ದರೆ ಏರು ಕಡಿದೆಂದರ್ಥ. ಈ ಎರಡು ಗುರುತುಗಳೂ ಹೆಚ್ಚಾಗಿ ಒಂದೇ ರಸ್ತೆಯ ಮೇಲೆ ಏಕಿರುತ್ತವೆಂಬುದು ಅರ್ಧ ಗಂಟೆಯಲ್ಲಿ ನನಗೆ ತಿಳಿಯಿತು. ಆ ನೆಲ ಬೆಟ್ಟವೂ ಅಲ್ಲ, ಬಯಲೂ ಅಲ್ಲ, ಅಲೆಯಲೆಯಾದ ನೆಲ. ಬೆಟ್ಟವಾದರೆ ಒಮ್ಮೆ ಏರಿ ಗೆದ್ದೆನೆನ್ನಬಹುದು. ಇಲ್ಲಿ ಹಾಗಿಲ್ಲ. ಕಷ್ಟಪಟ್ಟು ಗಳಿಸಿದ ಎತ್ತರವನ್ನು ಮುಂದಿನ ಹಳ್ಳ ಎರಡೇ ನಿಮಿಷದಲ್ಲಿ ಖರ್ಚು ಮಾಡಿಬಿಡುತ್ತದೆ. ಮತ್ತೆ ಮೊದಲಿನಿಂದ ಗಳಿಸಬೇಕು. ಸಂಬಳದವರಿಗೆ ಈ ಕ್ರಮ ಹೊಸದಲ್ಲ.

ದಾರಿಯುದ್ದಕ್ಕೂ ನರೆತಲೆಯ ದಂಪತಿಗಳು ಚೀಲ ಹೇರಿಕೊಂಡು, ನಮಗೆ ನಮಸ್ಕಾರ ಹೇಳುತ್ತ ಸಾಗುತ್ತಿದ್ದರು. 1936ರಲ್ಲಿ ಆ ದೇಶದ ಕಾರ್ಮಿಕರಿಗೆ ವರ್ಷಕ್ಕೆ ಎರಡು ವಾರ ಸಂಬಳಸಹಿತ ರಜೆಯೆಂದು ಕಾನೂನಾದಾಗ, ಕಾರಿಲ್ಲದ ಸಾವಿರಾರು ಮಂದಿ ಸೈಕಲ್ಲು ಹತ್ತಿಯೇ ತಮ್ಮ ದೇಶವನ್ನು ಮೊದಲ ಸಲ ನೋಡಿದರಂತೆ. ಊರ ಹೊರಗೆ ಕಾರುಗಳು ನಮ್ಮಿಂದ ಒಂದೂವರೆ ಮೀಟರು ದೂರ ಸರಿದೇ ಮುಂದೆ ಹೋಗಬೇಕೆಂಬುದು ಅಲ್ಲಿಯ ಕಾನೂನು. ಸೈಕಲ್ ತುಳಿಯುವವನಿಗೂ ಒಂದು ಮರ್ಯಾದೆಯುಂಟೆಂಬುದು ನನಗೆ ಹೊಸ ಅನುಭವ.

ಮಧ್ಯಾಹ್ನದ ಹೊತ್ತಿಗೆ ಕುಡಿಯುವ ನೀರು ಮುಗಿಯಿತು. ಹಳ್ಳಿಯ ಒಂದೇ ಅಂಗಡಿಗೆ ಊಟದ ವೇಳೆಯ ಬೀಗ. ತಮ್ಮ ನೇರವಾಗಿ ನನ್ನನ್ನು ಊರಾಚೆಯ ಸ್ಮಶಾನಕ್ಕೆ ಕರೆದೊಯ್ದ. ಸಮಾಧಿಗಳ ಹೂವಿಗೆ ಹಾಕಲೆಂದು ಅಲ್ಲಿ ನಲ್ಲಿ ಇರುತ್ತದೆ. ಕುಡಿಯಬಾರದೆಂಬ ಫಲಕವಿಲ್ಲದಿದ್ದರೆ ಸವಾರರು ತುಂಬಿಕೊಳ್ಳುತ್ತಾರೆ. ಸ್ಮಶಾನದ ನೀರು ಕುಡಿಯಲು ನನಗೆ ಮನಸ್ಸಾಗಲಿಲ್ಲ, ಬಾಯಾರಿಕೆಗೆ ಮನಸ್ಸಾಯಿತು. ಅಮ್ಮ ಕಟ್ಟಿಕೊಟ್ಟಿದ್ದ ಚಟ್ನಿಪುಡಿಯನ್ನು ಫ್ರೆಂಚರ ಉದ್ದನೆಯ ಬ್ರೆಡ್ಡಿಗೆ ಸವರಿ, ಊರ ಚೌಕದ ಕಲ್ಲುಬೆಂಚಿನ ಮೇಲೆ ಊಟಕ್ಕೆ ಕುಳಿತೆವು. ಎದುರಿಗೆ ಯುದ್ಧದ ಸ್ಮಾರಕಸ್ತಂಭ. ಅಂಥ ಸ್ತಂಭ ಇಲ್ಲದ ಹಳ್ಳಿ ಅಲ್ಲಿ ಅಪರೂಪ. 1914ರಿಂದ 1918ರೊಳಗೆ ಸತ್ತ ಆ ಊರಿನ ಮಕ್ಕಳ ಹೆಸರುಗಳು. ಒಂದೇ ಮನೆತನದ ಹೆಸರು ಒಂದರ ಕೆಳಗೊಂದು ಎರಡು ಸಲ. ಅಣ್ಣತಮ್ಮಂದಿರಿರಬೇಕು.

ತಮ್ಮ ಅದನ್ನೇ ನೋಡುತ್ತಿದ್ದ. ಆಮೇಲೆ ಕೇಳಿದ: “ಅಣ್ಣ, ಅಪ್ಪನ ಸೈಕಲ್ಲು ಈಗ ಎಲ್ಲಿದೆ?”

ಮೂರು ವರ್ಷಗಳ ಮೌನದೊಳಗೆ ಇದ್ದದ್ದು ಈ ಪ್ರಶ್ನೆಯೆಂದು ಆಗ ತಿಳಿಯಿತು. ಸುಳ್ಳು ಹೇಳಬಹುದಾಗಿತ್ತು. “ಮನೆ ಖಾಲಿ ಮಾಡುವಾಗ ಗುಜರಿಯವನಿಗೆ ಹಾಕಿದೆ. ನಾನೂರು ರೂಪಾಯಿ ಕೊಟ್ಟ” ಎಂದೆ.

ಅವನು ಬಹಳ ಹೊತ್ತು ಏನೂ ಹೇಳಲಿಲ್ಲ. ಬ್ರೆಡ್ಡಿನ ತುಣುಕುಗಳನ್ನು ಕಾಗದಕ್ಕೆ ಬಳಿದು ಮಡಿಸಿದ. “ಬೆಲ್ಲನ್ನಾದರೂ ಬಿಚ್ಚಿಟ್ಟುಕೊಳ್ಳಬಾರದಿತ್ತೇ?” ಎಂದಷ್ಟೇ ಕೇಳಿ ಸೈಕಲ್ ಹತ್ತಿದ.

ಮುಂದಿನದು ಬ್ರಾನ್ಸಿಯೋನಿನ ಏರು. ದಿಬ್ಬದ ನೆತ್ತಿಯಲ್ಲಿ ಹಳೆಯ ಕೋಟೆ, ಹನ್ನೆರಡನೆಯ ಶತಮಾನದ ಚರ್ಚು, ನಾಲ್ಕಾರು ಕಲ್ಲಿನ ಮನೆಗಳಿರುವ ಊರದು. ತಮ್ಮ ಮುಂದೆ ಹೋದ. ನಾನು ವೆಲೋಸಿಯೋನ ಗೇರುಗಳನ್ನೆಲ್ಲ ಒಂದೊಂದಾಗಿ ಮುಗಿಸಿದೆ. 28ರ ಚಕ್ರ, 34ರ ಚಕ್ರ, ಎರಡೂ ಬಂದವು. ಉಸಿರು ಮಾತ್ರ ಬರಲಿಲ್ಲ. ಇಳಿದು ತಳ್ಳತೊಡಗಿದೆ.

ತಳ್ಳುತ್ತಿದ್ದಂತೆ ಹಾಸನ ಸೀಮೆಯ ನಮ್ಮೂರಿನ ದಿಣ್ಣೆ ಕಣ್ಣ ಮುಂದೆ ಬಂತು. ಅಪ್ಪ ಶಾಲೆಯ ಮೇಷ್ಟರು. ನನ್ನನ್ನು ಹಿಂದಿನ ಕ್ಯಾರಿಯರಿನ ಮೇಲೆ, ತಮ್ಮನನ್ನು ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು ದಿನವೂ ಆರು ಕಿಲೊಮೀಟರು ತುಳಿಯುತ್ತಿದ್ದರು. ದಿಣ್ಣೆ ಬಂದಾಗ ತಾವು ಇಳಿಯುತ್ತಿದ್ದರು, ನಮ್ಮನ್ನು ಇಳಿಸುತ್ತಿರಲಿಲ್ಲ. “ಕೂತಿರಿ, ಭಾರವೇನಿಲ್ಲ” ಎನ್ನುತ್ತ ನಮ್ಮಿಬ್ಬರನ್ನೂ ಹೊತ್ತ ಸೈಕಲ್ಲನ್ನು ತಳ್ಳುತ್ತಿದ್ದರು. ನನ್ನ ತರಗತಿಯ ಹುಡುಗರು ತಮ್ಮ ಅಪ್ಪಂದಿರ ಮೋಟಾರ್ ಸೈಕಲ್ಲುಗಳಲ್ಲಿ ನಮ್ಮನ್ನು ದಾಟಿ ಹೋಗುವಾಗ ನಾನು ತಲೆ ತಗ್ಗಿಸುತ್ತಿದ್ದೆ. ದೊಡ್ಡವನಾದಂತೆ, “ಶಾಲೆಯವರೆಗೆ ಬೇಡ ಅಪ್ಪ, ಆಲದ ಮರದ ಹತ್ತಿರವೇ ಇಳಿಸಿ” ಎಂದು ಹೇಳಲು ಕಲಿತೆ. ಯಾಕೆಂದು ಅವರು ಕೇಳಲಿಲ್ಲ. ಆ ಸೈಕಲ್ಲನ್ನು ತಿರುಗಿಯೂ ನೋಡದೆ ಗುಜರಿಯವನಿಗೆ ಎತ್ತಿಕೊಟ್ಟ ಕೈ, ಆ ಹುಡುಗನದೇ ಕೈ.

ತಿರುವಿನಲ್ಲಿ ತಮ್ಮ ಸೈಕಲ್ಲಿನಿಂದಿಳಿದು ನಿಂತಿದ್ದ. ಅವನಿಗೆ ಇಳಿಯುವ ಅಗತ್ಯವಿರಲಿಲ್ಲ. ಆ ಏರನ್ನು ಹಾಡುತ್ತ ಹತ್ತಬಲ್ಲ ಕಾಲು ಅವನದು. ನಾನು ಹತ್ತಿರ ಬಂದಾಗ ಅವನೂ ಸೈಕಲ್ಲನ್ನು ತಳ್ಳುತ್ತ ಜೊತೆಗೆ ನಡೆದ. ಆಲದ ಮರದ ಸಂಗತಿಯನ್ನು ಅವನಿಗೆ ಹೇಳಿದೆ. ಅದನ್ನು ನಾನು ಯಾರಿಗೂ ಹೇಳಿದವನಲ್ಲ.

“ನನಗೆ ಗೊತ್ತಿತ್ತು. ನಾನು ಬಾರಿನ ಮೇಲೆ ಕುಳಿತಿರುತ್ತಿದ್ದೆನಲ್ಲ” ಎಂದ. ಸ್ವಲ್ಪ ದೂರ ನಡೆದ ಮೇಲೆ ಹೇಳಿದ: “ನೀನು ಇಳಿದು ಹೋದ ಮೇಲೆ ಅಪ್ಪ ಗಾಡಿ ಹಗುರವಾಯಿತು ಅನ್ನುತ್ತಿದ್ದರು. ನಗುತ್ತಲೇ ಅನ್ನುತ್ತಿದ್ದರು, ಅಣ್ಣ.”

ಮೇಲೆ ತಲುಪಿದಾಗ ಗ್ರೋನ್ ನದಿಯ ಕಣಿವೆ ಬಿಸಿಲಿನಲ್ಲಿ ಹರಡಿತ್ತು. ನಾವು ಬೆಳಗಿನಿಂದ ಏರಿದ ದಿಬ್ಬಗಳೆಲ್ಲ ಅಲ್ಲಿಂದ ಕಂಬಳಿಯ ಸುಕ್ಕಿನಂತೆ ಸಣ್ಣದಾಗಿ ಕಂಡವು. ಅಲ್ಲಿಂದ ತೂರ್ನು ಪಟ್ಟಣದವರೆಗೆ ಹೆಚ್ಚುಕಡಮೆ ಇಳಿಜಾರು. ಸಂಜೆಯ ರೈಲಿನಲ್ಲಿ ಸೈಕಲ್ಲುಗಳನ್ನು ನಿಲ್ಲಿಸಿ, ಸೋನ್ ನದಿಯನ್ನು ಕಿಟಕಿಯಲ್ಲಿ ನೋಡುತ್ತ ಲಿಯಾನಿಗೆ ಮರಳಿದೆವು. ಐಫೆಲ್ ಗೋಪುರವನ್ನು ನಾನು ನೋಡಲಿಲ್ಲ.

ಊರಿಗೆ ಬಂದ ಮೇಲೆ ಒಂದು ಸೈಕಲ್ಲು ಕೊಂಡೆ. ಕಾಲೇಜಿನ ದಾರಿಯಲ್ಲಿ ಒಂದು ಏರಿದೆ. ಅಲ್ಲಿ ಇಳಿದು ತಳ್ಳುತ್ತೇನೆ. ವಿದ್ಯಾರ್ಥಿಗಳು ಮೋಟಾರ್ ಸೈಕಲ್ಲುಗಳಲ್ಲಿ ದಾಟಿ ಹೋಗುತ್ತಾರೆ. ಕೆಲವರು ನಮಸ್ಕರಿಸುತ್ತಾರೆ, ಕೆಲವರು ನಗುತ್ತಾರೆ. ಭಾನುವಾರ ಫೋನಿನಲ್ಲಿ ತಮ್ಮನಿಗೆ ಸೈಕಲ್ ಕೊಂಡ ಸುದ್ದಿ ಹೇಳಿದೆ. ಎಷ್ಟು ಗೇರೆಂದು ಅವನು ಕೇಳಬಹುದೆಂದಿದ್ದೆ.

“ಬೆಲ್ಲು ಇದೆಯೇ?” ಎಂದ.

ಫೋನನ್ನು ಹ್ಯಾಂಡಲಿನ ಹತ್ತಿರ ಹಿಡಿದು ಎರಡು ಸಲ ಬಾರಿಸಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ಆಮೇಲೆ, “ಇನ್ನೊಂದು ಸಲ ಬಾರಿಸು” ಎಂದ.