ಬರೋಡಾದ ಪುಸ್ತಕದ ಪೆಟ್ಟಿಗೆ

ವಡೋದರಕ್ಕೆ ಹೋದವರೆಲ್ಲ ಲಕ್ಷ್ಮೀವಿಲಾಸ ಅರಮನೆ ನೋಡಿ ಬರ್ತಾರೆ. ಆಫೀಸ್ ಕೆಲಸಕ್ಕೆ ಹೋಗಿದ್ದ ನನಗೆ ಸಿಕ್ಕಿದ್ದು ಅರ್ಧ ದಿನ. ಅರಮನೆ ಬಿಟ್ಟು ಹಳೇ ಪೇಟೆಯ ಮಾಂಡವಿಗೆ ಆಟೋ ಹತ್ತಿದೆ, ಸೆಂಟ್ರಲ್ ಲೈಬ್ರರಿ ನೋಡೋಕೆ. ಒಳಗೆ ಕಪಾಟುಗಳ ನಡುವೆ ಗಾಜಿನ ನೆಲ! ಮೇಲಿನ ಬೆಳಕು ಕೆಳಗಿನ ಅಂತಸ್ತಿಗೂ ಇಳಿಯಲಿ ಅಂತ. ಕಾಲಿಡೋಕೇ ಹಿಂಜರಿಕೆಯಾಗತ್ತೆ.

ಆದರೆ ನನ್ನನ್ನ ಅಲ್ಲಿಗೆ ಎಳೆದದ್ದು ಗಾಜಲ್ಲ, ಮರದ ಪೆಟ್ಟಿಗೆಗಳ ಕಥೆ.

ಮಹಾರಾಜ ಸಯಾಜಿರಾವ್ ಗಾಯಕವಾಡ್ 1906ರಲ್ಲಿ ಇಡೀ ಬರೋಡಾ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿದರು. ಸರಿ, ನಾಲ್ಕಕ್ಷರ ಕಲಿತ ಮಗು ಶಾಲೆ ಬಿಟ್ಟ ಮೇಲೆ ಓದೋದೇನನ್ನ? ಏನೂ ಸಿಗದಿದ್ರೆ ಕಲಿತದ್ದೂ ಮರೆತುಹೋಗತ್ತೆ. 1910ರಲ್ಲಿ ಅಮೆರಿಕದಿಂದ ವಿಲಿಯಂ ಬೋರ್ಡನ್ ಎಂಬ ಗ್ರಂಥಪಾಲಕರನ್ನು ಕರೆಸಿದರು. ಪುಸ್ತಕ ತುಂಬಿದ ಪೆಟ್ಟಿಗೆಗಳು ಹಳ್ಳಿಗಳಿಗೆ ಹೊರಟವು. ಸಾಗಣೆ ಖರ್ಚು ಸರ್ಕಾರದ್ದೇ. ಊರಿಗೇ ಒಂದು ಲೈಬ್ರರಿ ಬೇಕಾ? ಊರವರು ಒಂದು ಪಾಲು ಹಾಕಿದರೆ ಸರ್ಕಾರದ್ದೊಂದು ಪಾಲು, ಜಿಲ್ಲಾ ಪಂಚಾಯಿತಿಯದ್ದೊಂದು ಪಾಲು. ಎಷ್ಟೋ ಕಡೆ ಅದು ನಡೀತಿದ್ದುದು ಶಾಲೆಯಲ್ಲೇ, ನೋಡಿಕೊಳ್ತಿದ್ದೋರು ಮೇಷ್ಟ್ರೇ.

ಎಲ್ಲರೂ ಬೋರ್ಡನ್ ಹೆಸರು ಹೇಳ್ತಾರೆ. ನನಗೆ ದೊಡ್ಡವರಾಗಿ ಕಾಣೋದು ಮೋತಿಭಾಯಿ ಅಮೀನ್. ವಸೋ ಊರಿನವರು, ಸ್ವತಃ ಶಾಲಾ ಮೇಷ್ಟ್ರು. ಅಮೆರಿಕದವರು ಬರೋ ಮುಂಚೆಯೇ ‘ಮಿತ್ರ ಮಂಡಲ’ ಅನ್ನೋ ಹೆಸರಲ್ಲಿ ವಾಚನಾಲಯಗಳನ್ನು ಶುರುಮಾಡಿದ್ದರು. ಆಮೇಲೆ ಲೈಬ್ರರಿ ಇಲಾಖೆಗೇ ಬಂದರು. ಹಳ್ಳಿ ಮೇಷ್ಟ್ರ ಕೈಗೆ ಪಠ್ಯಪುಸ್ತಕ ಬಿಟ್ಟು ಬೇರೇನು ಸಿಗತ್ತೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ನಮ್ಮಮ್ಮ ಇಪ್ಪತ್ತೆಂಟು ವರ್ಷ ಹಳ್ಳಿ ಶಾಲೆ ಟೀಚರ್ ಆಗಿದ್ದೋರು. ಅವರ ಶಾಲೆಗೂ ಪುಸ್ತಕಗಳು ಬರ್ತಿದ್ವು. ಬಂದದ್ದು ನೇರ ಬೀರುವಿಗೆ, ಬೀರುವಿಗೆ ಬೀಗ. ಒಂದು ಕಳೆದರೂ ಹೆಡ್‌ಮಾಸ್ಟರ್ ಕೈಯಿಂದ ದುಡ್ಡು ಕಟ್ಟಬೇಕು ಅನ್ನೋ ಭಯ. ವರ್ಷಕ್ಕೊಂದ್ಸಲ ಇನ್‌ಸ್ಪೆಕ್ಷನ್ ದಿನ ಹೊರಗೆ ತೆಗೆದು ಧೂಳು ಕೊಡವೋದು, ಮತ್ತೆ ಒಳಗಿಡೋದು. ಸ್ಟಾಕ್ ರಿಜಿಸ್ಟರ್ ಮಾತ್ರ ಯಾವತ್ತೂ ಕರೆಕ್ಟು! ಅಮ್ಮ ಓದೋಕೆ ಪುಸ್ತಕ ತರ್ತಿದ್ದುದು ತಾಲ್ಲೂಕಿನ ಲೈಬ್ರರಿಯಿಂದ, ಸಂಬಳದ ದಿನ, ಬಸ್ಸಿನಲ್ಲಿ.

ರಾತ್ರಿ ಹೋಟೆಲಿಂದ ಅವರಿಗೆ ಫೋನ್ ಮಾಡಿ ಪೆಟ್ಟಿಗೆ ಕಥೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು.

“ಅದೆಲ್ಲ ಸರಿ ಕಣೋ,” ಅಂದರು, “ಒಂದು ಪುಸ್ತಕ ವಾಪಸ್ ಬರದಿದ್ರೆ ಆ ಮೇಷ್ಟ್ರನ್ನ ಏನು ಮಾಡ್ತಿದ್ರಂತೆ?”