ಅವೇ ಮ್ಯಾಚ್ ಮತ್ತು ರಾಣೆಬೆನ್ನೂರು ಬೈಪಾಸು

ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಶೀಟ್ ಇದೆ. ಹೆಸರು 'ಹೋಮ್ ಲೋನ್ ಡಾಕ್ಯುಮೆಂಟ್ಸ್ 2'. ಹೆಂಡತಿ ತೆಗೆದು ನೋಡದಿರಲಿ ಅಂತ ಇಟ್ಟ ಹೆಸರು. ಒಂದು ದಿನ ನಿಜವಾಗಲೂ ಹೋಮ್ ಲೋನ್ ಪೇಪರು ಬೇಕಾಗಿ ಅವಳು ಅದನ್ನೇ ತೆಗೆದಳು. ಒಳಗಿದ್ದದ್ದು ಬೆಂಗಳೂರು ಎಫ್‌ಸಿ ಹಿಂದೆ ನಾನು ಊರೂರು ಸುತ್ತಿದ ಖರ್ಚಿನ ಲೆಕ್ಕ. ಬಸ್ಸು, ರೈಲು, ಲಾಡ್ಜು, ಆಟೋ, ಊಟ, ಮ್ಯಾಚ್ ಟಿಕೆಟ್ಟು. 2022-23ರ ಸೀಸನ್ ಒಂದಕ್ಕೇ ಆರು ಪ್ರಯಾಣ, ಒಟ್ಟು 61,400 ರೂಪಾಯಿ.

ಅವಳು ಜಗಳ ಆಡಲಿಲ್ಲ. "ಇದರಲ್ಲಿ ಮ್ಯಾಚ್ ಟಿಕೆಟ್ಟಿಗೆ ಎಷ್ಟು?" ಅಂತ ಮಾತ್ರ ಕೇಳಿದಳು. ಕೂಡಿಸಿ ನೋಡಿದೆ. ಎರಡೂವರೆ ಸಾವಿರವೂ ಆಗಿರಲಿಲ್ಲ.

ಅಲ್ಲೇ ಇರೋದು ನೋಡಿ ವಿಷಯ. ನಮ್ಮಲ್ಲಿ ಫುಟ್‌ಬಾಲ್ ಅಗ್ಗ, ದೂರ ದುಬಾರಿ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಟಿಕೆಟ್ಟೇ ದುಬಾರಿ ಅಂತ ಅಭಿಮಾನಿಗಳು ಗಲಾಟೆ ಮಾಡಿ, 2016-17ರಿಂದ ಅವೇ ಟಿಕೆಟ್ಟಿಗೆ 30 ಪೌಂಡಿನ ಮಿತಿ ಹಾಕಿಸಿಕೊಂಡರು. ಆದರೆ ಅಲ್ಲಿ ಅತಿ ದೂರದ ಪ್ರಯಾಣಗಳಲ್ಲಿ ಒಂದು ಅಂತ ಹೇಳೋ ನ್ಯೂಕ್ಯಾಸಲ್-ಬೋರ್ನ್‌ಮತ್ ದಾರಿ ಹೆಚ್ಚುಕಡಿಮೆ ನಮ್ಮ ಬೆಂಗಳೂರು-ಕೊಚ್ಚಿಯಷ್ಟು. ನಮಗೆ ಕೊಚ್ಚಿ ಅಂದ್ರೆ ಪಕ್ಕದ್ಮನೆ! ಕೋಲ್ಕತ್ತಾ, ಜಮ್ಶೆಡ್‌ಪುರ, ಗುವಾಹಟಿ ಅಂದ್ರೆ ಮಾತ್ರ ನಾವು ದೂರ ಅನ್ನೋದು.

ನಾನು ಹುಟ್ಟಿ ಬೆಳೆದದ್ದು ಹಾವೇರಿ ಜಿಲ್ಲೆಯ ಹಿರೇಕೆರೂರು ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿ ಕಬಡ್ಡಿ ಇತ್ತು, ವಾಲಿಬಾಲ್ ಇತ್ತು, ದೀಪಾವಳಿ ಆದ ಮೇಲೆ ಹೋರಿ ಬೆದರಿಸೋದು ಇತ್ತು. ಫುಟ್‌ಬಾಲ್ ಇರಲಿಲ್ಲ. ಬಿಇ ಮುಗಿಸಿ 2012ರಲ್ಲಿ ಬೆಂಗಳೂರಿಗೆ ಬಂದಾಗ ಇಲ್ಲಿ ನನ್ನದು ಅನ್ನೋದು ಒಂದು ಕಾಟು, ಒಂದು ಬಕೆಟ್ಟು ಅಷ್ಟೇ. ಮರುವರ್ಷ ಬಿಎಫ್‌ಸಿ ಹುಟ್ಟಿತು. ಅದೂ ಈ ಊರಿಗೆ ಹೊಸದು, ನಾನೂ ಹೊಸಬ. ರೂಮ್‌ಮೇಟ್ ಒಬ್ಬ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿಗೆ ಎಳಕೊಂಡು ಹೋದ. ಗುರುತೇ ಇಲ್ಲದವರು ಗೋಲು ಬಿದ್ದಾಗ ಹೆಗಲ ಮೇಲೆ ಕೈಹಾಕಿ ಕುಣಿದರು. ಬೆಂಗಳೂರಿನಲ್ಲಿ ಒಬ್ಬರು ನನ್ನ ಹೆಗಲು ಮುಟ್ಟಿದ್ದು ಅದೇ ಮೊದಲು. ಬಿಎಂಟಿಸಿಯಲ್ಲಿ ಮುಟ್ಟಿದ್ದನ್ನು ಲೆಕ್ಕಕ್ಕೆ ಹಿಡಿಯೋದು ಬೇಡ.

ತಂಡ ಮೊದಲ ಐ-ಲೀಗ್ ಗೆದ್ದದ್ದು 2014ರ ಏಪ್ರಿಲ್ 21ರಂದು, ಗೋವಾದ ಫತೋರ್ಡಾದಲ್ಲಿ, ಡೆಂಪೊ ಮೇಲೆ 4-2. ಸೋಮವಾರ. ರಜೆ ಕೇಳೋಕೆ ಧೈರ್ಯ ಬರಲಿಲ್ಲ. ಬಗ್ ಫಿಕ್ಸ್ ಮಾಡ್ತಾ ಮೊಬೈಲ್‌ನಲ್ಲಿ ಸ್ಕೋರು ರಿಫ್ರೆಶ್ ಮಾಡಿದೆ. ಹೋದ ಹುಡುಗರು ಮರುದಿನ ಗಂಟಲು ಕಟ್ಟಿಸಿಕೊಂಡು ಬಂದು ಕಥೆ ಹೇಳೋವಾಗ, ನಮ್ಮನೆ ಮದುವೆಗೆ ನಾನೇ ಹೋಗಿಲ್ಲವೇನೋ ಅನಿಸಿತು. ಇನ್ನು ಮೇಲೆ ಹೋಗೋದೇ ಅಂತ ಅವತ್ತು ತೀರ್ಮಾನ ಮಾಡಿದೆ. ಆ ತೀರ್ಮಾನದ ಬಿಲ್ಲೇ ಈ ಎಕ್ಸೆಲ್ ಶೀಟು.

ಅವೇ ಮ್ಯಾಚಿಗೆ ಹೋಗೋದು ಹೇಗೆ ಅಂತ ಗೊತ್ತಿಲ್ಲದವರಿಗೆ ಹೇಳ್ತೀನಿ. ಮೊದಲು ವೇಳಾಪಟ್ಟಿ. ಕೆಲವು ಸೀಸನ್‌ಗಳಲ್ಲಿ ಡಿಸೆಂಬರ್‌ವರೆಗಿನದ್ದು ಮೊದಲು ಬಂತು, ಉಳಿದದ್ದು ಆಮೇಲೆ. ಅದು ಬರೋ ಹೊತ್ತಿಗೆ ರೈಲಿನಲ್ಲಿ ಸೀಟು ಖಾಲಿಯಾಗಿ, ವೇಟಿಂಗ್ ಲಿಸ್ಟ್ ಮೂರಂಕಿ ಮುಟ್ಟಿರುತ್ತೆ. ಉಳಿಯೋದು ತತ್ಕಾಲ್. ಎಸಿಗೆ ಬೆಳಿಗ್ಗೆ ಹತ್ತಕ್ಕೆ ತೆಗೀತಾರೆ, ಸ್ಲೀಪರ್‌ಗೆ ಹನ್ನೊಂದಕ್ಕೆ. ನಮ್ಮ ಟೀಮಿನ ಸ್ಟಾಂಡಪ್ ಮೀಟಿಂಗೂ ಹತ್ತಕ್ಕೇ. ಕ್ಯಾಮೆರಾ ಆಫ್ ಮಾಡಿ, "ನಿನ್ನೆ ಎಪಿಐ ಕೆಲಸ ಮುಗಿಸಿದೆ, ಇವತ್ತು ಟೆಸ್ಟಿಂಗ್" ಅಂತ ಹೇಳ್ತಾ ಇನ್ನೊಂದು ಕಿಟಕಿಯಲ್ಲಿ ಕ್ಯಾಪ್ಚಾ ತುಂಬಿದ್ದೀನಿ. ಒಂದ್ಸಲ ಮ್ಯೂಟ್ ಮಾಡೋದು ಮರೆತು, "ಥೂ, ಹೋಯ್ತು!" ಅಂದುಬಿಟ್ಟೆ. "ಸರ್ವರ್ರಾ?" ಅಂತ ಮ್ಯಾನೇಜರ್ ಗಾಬರಿಯಾದ.

ರೈಲು ತಪ್ಪಿದರೆ ಬಸ್ಸು. ಶುಕ್ರವಾರ ಸಂಜೆಯ ಬಸ್ಸಿನ ರೇಟು ನಿಮಗೇ ಗೊತ್ತು. ನಾನು ಮೊದಲ ಸಲ ಕೊಚ್ಚಿಗೆ ಹೋದದ್ದು 2017ರ ಡಿಸೆಂಬರ್ 31ಕ್ಕೆ. ಹೊಸವರ್ಷದ ಹಿಂದಿನ ದಿನ! ಬಸ್ಸಿನವರು ಮಾಮೂಲಿಗಿಂತ ಎರಡೂವರೆ ಪಟ್ಟು ಕಿತ್ತರು. ಹಳದಿ ಸಮುದ್ರದ ನಡುವೆ ಒಂದು ಹಿಡಿ ನೀಲಿ ನಾವು. 3-1ರಿಂದ ಗೆದ್ದೆವು. ಛೆಟ್ರಿ ಒಂದು, ಮಿಕು ಎರಡು. ರಾತ್ರಿ ಹನ್ನೆರಡಕ್ಕೆ ನಮ್ಮ ಬಸ್ಸು ವಾಳಯಾರ್ ಹತ್ರ ಎಲ್ಲೋ ನಿಂತಿತ್ತು. ಡ್ರೈವರಿಗೆ ಹ್ಯಾಪಿ ನ್ಯೂ ಇಯರ್ ಹೇಳಿ ಮಲಗಿದೆವು. ಆ ವರ್ಷದ ಪಾರ್ಟಿ ಖರ್ಚು ಉಳೀತಲ್ಲ ಅಂತ ಸಮಾಧಾನ.

ಗೆದ್ದ ದಿನ ಎಲ್ಲ ಸರಿ. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾ ವಿರುದ್ಧ ಫೈನಲ್, ಹೆಚ್ಚುವರಿ ಸಮಯದ 117ನೇ ನಿಮಿಷದಲ್ಲಿ ರಾಹುಲ್ ಭೆಕೆ ತಲೆಯಿಂದ ಹೊಡೆದ ಗೋಲು. ಆ ಪ್ರಯಾಣಕ್ಕೆ 14,300 ಆಯ್ತು. ಇವತ್ತಿಗೂ ಆ ಸಾಲು ನೋಡಿದರೆ ಹೊಟ್ಟೆ ಉರಿಯೋದಿಲ್ಲ. ಉರಿಯೋದು ಬೇರೆ ಸಾಲುಗಳು. ಒಂದು ಊರಿನಲ್ಲಿ ಗೇಟಿನಲ್ಲೇ ಡೋಲು ಬಿಡಲಿಲ್ಲ, ಪವರ್ ಬ್ಯಾಂಕ್ ಕಸಿದು ರಾಶಿಗೆ ಎಸೆದರು, ಚಿಲ್ಲರೆ ಕಾಸನ್ನೂ ಬಿಡಲಿಲ್ಲ. ಸೋತೆವು. ಮ್ಯಾಚ್ ಮುಗಿದ ಮೇಲೆ 'ನಿಮ್ಮ ಸುರಕ್ಷತೆಗಾಗಿ' ಅಂತ ಮುಕ್ಕಾಲು ಗಂಟೆ ಒಳಗೇ ಕೂರಿಸಿದರು. ನಮ್ಮ ಸುರಕ್ಷತೆ ಗಟ್ಟಿಯಾಯ್ತು, ರೈಲು ತಪ್ಪಿತು. ಚಾರ್ಜ್ ಇಲ್ಲದ ಮೊಬೈಲಿನಲ್ಲಿದ್ದ ಟಿಕೆಟ್ಟು, ಕಾಸಿಲ್ಲದ ಜೇಬು. ಪ್ಲಾಟ್‌ಫಾರ್ಮಿನ ಮೇಲೆ ಪೇಪರ್ ಹಾಸಿಕೊಂಡು ಬೆಳಗು ಮಾಡಿದೆವು. ಏಳೂವರೆಗೆ ಶುರುವಾಗೋ ಮ್ಯಾಚು ಟೀವಿಯಲ್ಲಿ ನೋಡೋರಿಗೆ ಚೆನ್ನ. ಒಂಬತ್ತೂವರೆಗೆ ಬೇರೆ ಊರಿನ ಬೀದಿಗೆ ಬಿದ್ದವನಿಗಲ್ಲ.

ಕೋವಿಡ್ ಬಂದು ಎರಡು ಸೀಸನ್ ಎಲ್ಲ ಮ್ಯಾಚೂ ಗೋವಾದಲ್ಲೇ, ಹೆಚ್ಚುಕಡಿಮೆ ಎಲ್ಲವೂ ಪ್ರೇಕ್ಷಕರಿಲ್ಲದೆ ನಡೆದವು. ಶೀಟಿನಲ್ಲಿ ಆ ಎರಡು ವರ್ಷ ಸೊನ್ನೆ. ದುಡ್ಡು ಉಳೀತು ಅಂತ ಖುಷಿ ಆಗಬೇಕಿತ್ತು, ಆಗಲಿಲ್ಲ. ಅದಕ್ಕೇ ಇರಬೇಕು, 2022-23ರಲ್ಲಿ ಬಡ್ಡಿ ಸಮೇತ ತಿರುಗಿದ್ದು.

ಆ ಸೀಸನ್ನಿನ ಕೊನೆಯ ಪ್ರಯಾಣದ ಬಗ್ಗೆಯೇ ನಾನು ಹೇಳಬೇಕಿರೋದು.

2023ರ ಮಾರ್ಚ್ 18, ಶನಿವಾರ. ಫೈನಲ್, ಫತೋರ್ಡಾದಲ್ಲಿ, ಎಟಿಕೆ ಮೋಹನ್ ಬಾಗಾನ್ ವಿರುದ್ಧ. 2014ರಲ್ಲಿ ತಪ್ಪಿಸಿಕೊಂಡ ಅದೇ ಮೈದಾನ. ಶುಕ್ರವಾರ ರಜೆ ಹಾಕಿ ಹೋದೆ. 2-2 ಆಗಿ, ಪೆನಾಲ್ಟಿಯಲ್ಲಿ 4-3ರಿಂದ ಸೋತೆವು. ಮಡಗಾಂವ್‌ನಿಂದ ರಾತ್ರಿ ಬಸ್ಸು ಹತ್ತಿದವರು ಯಾರೂ ಯಾರ ಜೊತೆಗೂ ಮಾತಾಡಲಿಲ್ಲ. ಘಾಟಿ ಹತ್ತಿದ್ದು, ಹುಬ್ಬಳ್ಳಿ ದಾಟಿದ್ದು ಗೊತ್ತಾಗಲಿಲ್ಲ. ಬೆಳಗಿನ ಜಾವ ಎಚ್ಚರವಾದಾಗ ಬಸ್ಸು ಚಹಾಕ್ಕೆ ನಿಂತಿತ್ತು. ಇಳಿದೆ. ರಾಣೆಬೆನ್ನೂರು ಬೈಪಾಸು.

ಅಲ್ಲಿಂದ ನಮ್ಮೂರಿಗೆ ಒಂದು ತಾಸಿನ ದಾರಿ. ಮೂರು ದಿನ ಕಳೆದರೆ ಯುಗಾದಿ. ಅಪ್ಪ ಅಷ್ಟು ಹೊತ್ತಿಗೆ ಎದ್ದು ದನಕ್ಕೆ ಮೇವು ಹಾಕ್ತಿರ್ತಾನೆ, ಅವ್ವ ಒಲೆ ಹಚ್ಚಿರ್ತಾಳೆ. ಮೊಬೈಲ್ ತೆಗೆದೆ, ಮತ್ತೆ ಜೇಬಿಗಿಟ್ಟೆ. ಫೋನ್ ಮಾಡಿದರೆ ಎಲ್ಲಿಂದ ಬಂದೆ ಅಂತ ಹೇಳಬೇಕು. ಆಫೀಸಿನಲ್ಲಿ ಕೆಲಸ ಜಾಸ್ತಿ, ಈ ಸಲ ಹಬ್ಬಕ್ಕೆ ಬರೋಕಾಗಲ್ಲ ಅಂತ ವಾರದ ಹಿಂದೆ ನಾನೇ ಹೇಳಿದ್ದೆ. ಅದು ಪೂರ್ತಿ ಸುಳ್ಳೇನೂ ಅಲ್ಲ, ಭಾನುವಾರ ರಾತ್ರಿ ರಿಲೀಸ್ ಇತ್ತು. ಆದರೆ ಇದ್ದ ಒಂದು ರಜೆ ಎಲ್ಲಿ ಹೋಯ್ತು ಅಂತ ನನಗೆ ಗೊತ್ತಿತ್ತಲ್ಲ. ಡ್ರೈವರ್ ಹಾರ್ನ್ ಹೊಡೆದ. ಚಹಾ ಅರ್ಧಕ್ಕೆ ಬಿಟ್ಟು ಹತ್ತಿದೆ. ಹಿರೇಕೆರೂರಿನ ಕೈಕಂಬ ಕಾಣಬಾರದು ಅಂತ ಕರ್ಟನ್ ಎಳೆದುಕೊಂಡೆ.

ಆ ವರ್ಷ ಆರು ಅವೇ ಮ್ಯಾಚಿಗೆ ಹೋಗಿದ್ದವನು ಊರಿಗೆ ಹೋಗಿದ್ದು ಎರಡೇ ಸಲ. ಎಕ್ಸೆಲ್‌ನಲ್ಲಿ ಇದಕ್ಕೆ ಕಾಲಂ ಇಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಸಿಕ್ಕಿಬಿದ್ದೆ. ಚಿಕ್ಕಪ್ಪನ ಮಗ ನನ್ನ ವಾಟ್ಸಾಪ್ ಸ್ಟೇಟಸ್ಸು ಅಪ್ಪನಿಗೆ ಎಂದೋ ತೋರಿಸಿದ್ದನಂತೆ. ಅಪ್ಪ ಏಳೆಂಟು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡು, ಹೋರಿ ಹಬ್ಬದ ಅಖಾಡದ ಪಕ್ಕ ಟ್ರಾಲಿ ಮೇಲೆ ಕೂತಾಗ ತೆಗೆದ. "ಗೋವಾಕ್ಕ ಹೋಗಿದ್ದೆಂತಲ್ಲ. ಎಷ್ಟಾತು?"

ಸುಳ್ಳು ಹೇಳಲಿಲ್ಲ. ಅದೊಂದಕ್ಕೆ ಎಂಟು ಸಾವಿರ, ವರ್ಷಕ್ಕೆ ಅರವತ್ತೊಂದು ಅಂದೆ. ಅಪ್ಪ ಮನಸ್ಸಿನಲ್ಲೇ ಗೋವಿನಜೋಳದ ಲೆಕ್ಕ ಹಾಕಿದ. ಕ್ವಿಂಟಲ್ಲಿಗೆ ಎರಡು ಸಾವಿರ ಹಿಡಿದರೆ ಮೂವತ್ತು ಕ್ವಿಂಟಲ್, ಎಕರೆಗೆ ಇಪ್ಪತ್ತು ಬಂದರೆ ಒಂದೂವರೆ ಎಕರೆಯ ಬೆಳೆ. ನನ್ನ ಎಕ್ಸೆಲ್‌ಗಿಂತ ಬೇಗ ಮಾಡಿದ.

ಅಷ್ಟರಲ್ಲಿ ನಮ್ಮ ಓಣಿಯ ಹೋರಿ ಬಂತು. ಕೋಡಿಗೆ ಬಲೂನು, ಕೊರಳಿಗೆ ಕೊಬ್ಬರಿ ಸರ. ಹಿಂದೆ ಅದರ ಹೆಸರಿನ ಟೀ ಶರ್ಟು ಹಾಕಿಕೊಂಡ ಹುಡುಗರು, ಬಾವುಟ, ಡಿಜೆ. ಒಬ್ಬರ ಕೈಗೂ ಕೊಬ್ಬರಿ ಸಿಗದಂಗೆ ಓಡಿತು. ಅಪ್ಪ ಟ್ರಾಲಿ ಮೇಲೆ ಎದ್ದು ನಿಂತು ಟವೆಲ್ ಬೀಸಿದ. ಆ ಹೋರಿ ನಮ್ಮದಲ್ಲ, ಅದರಿಂದ ಅಪ್ಪನಿಗೆ ಒಂದು ಪೈಸೆ ಲಾಭವಿಲ್ಲ. ಹರೆಯದಲ್ಲಿ ಹೀಗೇ ಒಂದು ಹೋರಿಯ ಹಿಂದೆ ಊರೂರು ತಿರುಗಿ, ಬಿತ್ತನೆ ಬೀಜದ ದುಡ್ಡು ಖರ್ಚು ಮಾಡಿ ಅಜ್ಜನ ಕೈಲಿ ಏಟು ತಿಂದಿದ್ದನಂತೆ. ಅವ್ವ ಹೇಳಿದ ಕಥೆ ಅದು.

ನಾನು ಧೈರ್ಯ ಮಾಡಿ, "ನೀನೂ ತಿರುಗೀಯಲ್ಲಪ್ಪ, ನಂದೂ ಹಂಗ" ಅಂದೆ.

"ಹೌದು, ನಾನೂ ತಿರುಗೇನಿ" ಅಂದ. ಟವೆಲ್ ಹೆಗಲಿಗೆ ಹಾಕಿಕೊಂಡ. "ಆದ್ರ ತಿರುಗಿ ಮನಿಗೇ ಬರ್ತಿದ್ದೆ. ನೀ ಮನಿ ದಾಟಿ ಹೋದಿ."

ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಬಿಟ್ಟುಬಿಟ್ಟೆ ಅಂತ ಬರೆದರೆ ಈ ಲೇಖನಕ್ಕೆ ಒಳ್ಳೇ ಮುಕ್ತಾಯ ಆಗ್ತಿತ್ತು. ಬಿಡಲಿಲ್ಲ. ವರ್ಷಕ್ಕೆ ಮೂರು ಅವೇ ಮ್ಯಾಚು ಅಂತ ಹೆಂಡತಿ ಜೊತೆ ಒಪ್ಪಂದವಾಯ್ತು. ಶೀಟಿನ ಹೆಸರು ಬದಲಿಸಿ 'ಬಿಎಫ್‌ಸಿ' ಅಂತಲೇ ಇಟ್ಟೆ. ಊರಿಗೆ ಹೋದ ತಾರೀಖಿಗೂ ಒಂದು ಕಾಲಂ ಹಾಕಿದೆ. ಆ ಕಾಲಂನಲ್ಲಿ ಈ ಕಾಲಂಗಿಂತ ಕಮ್ಮಿ ಆಗಬಾರದು ಅನ್ನೋದೊಂದೇ ನಿಯಮ.

2025ರ ಏಪ್ರಿಲ್ 6, ಭಾನುವಾರ. ಮತ್ತೆ ಫತೋರ್ಡಾ. ಗೋವಾ ವಿರುದ್ಧ ಸೆಮಿಫೈನಲಿನ ಎರಡನೇ ಲೆಗ್. ಬೆಂಗಳೂರಿನಲ್ಲಿ ನಾವು 2-0 ಗೆದ್ದಿದ್ದೆವು. ಇಲ್ಲಿ ಅವರು ಒಂದು ಹೊಡೆದರು, 88ನೇ ನಿಮಿಷಕ್ಕೆ ಇನ್ನೊಂದು. ಲೆಕ್ಕ ಸಮ. ಮತ್ತೆ ಪೆನಾಲ್ಟಿಯೇ ಅಂದುಕೊಂಡು ತಲೆ ಹಿಡಿದು ಕೂತೆವು. ಹೆಚ್ಚುವರಿ ನಿಮಿಷಗಳಲ್ಲಿ ಛೆಟ್ರಿ, ನಲವತ್ತು ವರ್ಷದ ಛೆಟ್ರಿ, ತಲೆಯಿಂದ ಒಂದು ಹಾಕಿದ. ಪಕ್ಕದಲ್ಲಿದ್ದವನ ಕನ್ನಡಕ ಎಲ್ಲಿ ಹೋಯ್ತೋ ಅವನಿಗೇ ಸಿಗಲಿಲ್ಲ.

ರಾತ್ರಿ ಬಸ್ಸು. ಈ ಸಲ ಟಿಕೆಟ್ಟನ್ನೇ ರಾಣೆಬೆನ್ನೂರಿಗೆ ತೆಗೆಸಿದ್ದೆ. ಆದರೂ ಬೆಂಗಳೂರಿನವರೆಗಿನ ಪೂರ್ತಿ ರೇಟು ಹಿಡಿದರು, ಅದು ಬೇರೆ ಮಾತು. ಮೊದಲ ಬಸ್ಸು ಹಿಡಿದು ಮನೆಗೆ ಹೋದಾಗ ಅಪ್ಪ ಕೊಟ್ಟಿಗೆಯಲ್ಲಿದ್ದ. ನನ್ನ ನೀಲಿ ಜೆರ್ಸಿ ಮೇಲಿಂದ ಕೆಳಗೆ ನೋಡಿದ.

"ಗೆದ್ರೇನು?"

"ಇಲ್ಲ, 2-1 ಸೋತ್ವಿ. ಆದ್ರ ಫೈನಲಿಗೆ ಹೋದ್ವಿ."

"ಸೋತು ಹೆಂಗ ಹೋಗ್ತೀರಲೇ?"

ಎರಡು ಲೆಗ್ ಅಂದರೇನು, ಎರಡರ ಗೋಲು ಹೆಂಗೆ ಕೂಡಿಸಬೇಕು ಅಂತ ಹೇಳಿದೆ. ಅವ್ವ ಚಹಾ ತಂದಳು. ಅಪ್ಪ ಬೆರಳೆಣಿಸಿ, ಅಲ್ಲಿ ಎರಡು ಸೊನ್ನೆ, ಇಲ್ಲಿ ಒಂದು ಎರಡು, ಒಟ್ಟು ಮೂರು ಎರಡು ಅಂತ ಒಪ್ಪಿದ. ಫೈನಲ್ ಯಾವಾಗ ಅಂದ. ಬರೋ ಶನಿವಾರ. ಆರು ದಿನಕ್ಕೆ ಮುಂಚೆ ಯಾರು ಆಡ್ತಾರೆ ಅಂತಲೇ ಗೊತ್ತಿರದಿದ್ದರೆ ವಿಮಾನದ ಟಿಕೆಟ್ಟು ಎಷ್ಟಾಗಿರುತ್ತೆ ಅಂತ ನಾನು ಬಸ್ಸಿನಲ್ಲೇ ನೋಡಿದ್ದೆ. ಹೋಗಲ್ಲ ಅಂತಲೂ ಗೊತ್ತಿತ್ತು.

"ಎಲ್ಲಿ?"

"ಬಹುಶಃ ಕೋಲ್ಕತ್ತಾದಾಗ."

ಅಪ್ಪ ಮೇವಿನ ಕಟ್ಟು ಬಿಚ್ಚುತ್ತಾ ಹೇಳಿದ, "ಅದಕ್ಕ ನಮ್ಮೂರು ದಾರ್ಯಾಗ ಬರಂಗಿಲ್ಲ ಬಿಡು."